ಕೆಂಪಮ್ಮನ ಹೇಳಿಕೆ

ಕಾರ್ಟೂನ್ ಸಿನಿಮಾ ಬಿಡುಗಡೆ ಆಗಬೇಕಾದರೆ ಅದರ ಪಾತ್ರಗಳೆಲ್ಲ ಪರದೆಯಿಂದ ಇಳಿದು ಬಂದು ಸೆನ್ಸಾರ್ ಅಧಿಕಾರಿಯಾದ ನನ್ನೆದುರು ಹೇಳಿಕೆ ಕೊಡಬೇಕು. ಈ ಸಿನಿಮಾದ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸಾಲಾಗಿ ಕುರ್ಚಿಯಲ್ಲಿ ಕೂತು ಅದನ್ನು ಹೊಗಳಿದ್ದೇ ಹೊಗಳಿದ್ದು. ಅವರ ನಾಯಿ ಕೂಡ ನಡುವಿನ ಕುರ್ಚಿ ಹತ್ತಿ ಕೂತು ಒಳ್ಳೆಯ ಮಾತನ್ನೇ ಹೇಳಿತು. ಅವರೆಲ್ಲ ಹೋದಮೇಲೆ ಮನೆಗೆಲಸದ ಕೆಂಪಮ್ಮ ಬಂದಳು.

"ಕೂತ್ಕೊಳ್ಳಮ್ಮ," ಎಂದೆ.

"ಆಗಲ್ಲ ಅಮ್ಮಾವ್ರೇ. ನಾನು ಕೂರೋದನ್ನ ಇವರು ಬರೆದೇ ಇಲ್ಲ."

ನಿಜ. ಎರಡು ಗಂಟೆಯ ಸಿನಿಮಾದಲ್ಲಿ ಅವಳು ಒಂದು ಸಲವೂ ಕೂತಿರಲಿಲ್ಲ. ಅವಳ ಮಂಡಿ ಮಡಚುತ್ತಲೇ ಇರಲಿಲ್ಲ.

ನಿರ್ದೇಶಕ ಶ್ರೀವತ್ಸನ ಕಡೆ ತಿರುಗಿದೆ. "ನಾಯಿಗೆ ಕೂರಕ್ಕೆ ಬರುತ್ತಲ್ರೀ?"

"ನಾಯಿಗೆ ಒಂದು ಹಾಡಿದೆ ಮೇಡಂ. ಆದರೆ ಕೆಂಪಮ್ಮನೂ ಮನೆಯವಳೇ. ಪ್ರೀತಿ ಇದ್ದರೆ ಎಲ್ಲರೂ ಒಂದೇ ಅನ್ನೋದೇ ನಮ್ಮ ಸಿನಿಮಾದ ಆಶಯ."

"ನಿಮ್ಮ ಆಶಯ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಮೊದಲು ಅವಳನ್ನ ಕೂರಿಸಿ. ಅಲ್ಲೀವರೆಗೆ ಸೀಲ್ ಬೀಳಲ್ಲ."

ಅವನು ಹಲ್ಲು ಕಡಿಯುತ್ತ ಪೆನ್ನು ತೆಗೆದ. ಕೈ ಚುರುಕಾಗಿತ್ತು. ಹತ್ತೇ ನಿಮಿಷದಲ್ಲಿ ಕೆಂಪಮ್ಮನಿಗೆ ಮಡಚುವ ಮಂಡಿ ಬಂತು. ಅವಳು ಕಾಲನ್ನೊಮ್ಮೆ ಮಡಚಿ, ಬಿಡಿಸಿ, ನಾಚಿಕೊಂಡು ನಕ್ಕಳು.

"ಈಗ ಕೂತ್ಕೊಳ್ಳಮ್ಮ."

ಕೂತಳು. ಬಾಗಿಲ ಪಕ್ಕ, ಗೋಡೆಗೊರಗಿ, ನೆಲದ ಮೇಲೆ. ಅವನು ಬರೆದುಕೊಟ್ಟಿದ್ದು ಅಷ್ಟನ್ನೇ.

"ಆಯ್ತಲ್ಲ ಮೇಡಂ? ಸೀಲ್ ಹಾಕ್ಬಿಡಿ," ಎಂದ.

ನಾನು ಸೀಲನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ಎದುರಿಗೆ ಐದು ಕುರ್ಚಿಗಳು ಖಾಲಿ ಬಿದ್ದಿದ್ದವು. ನಡುವಿನದರ ಮೇಲೆ ನಾಯಿಯ ಕೂದಲು ಇನ್ನೂ ಅಂಟಿಕೊಂಡಿತ್ತು.