ಸೈಲೆನ್ಸರ್ ಬದಲಾಯಿಸಿದ ಮರುದಿನ

ನರ್ಸ್ ಪೇಂಟರನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಹತ್ತಕ್ಕೆ ಐದು ನಿಮಿಷವಿತ್ತು. ಬಾಗಿಲು ಮುಚ್ಚಿತ್ತು. ದಿನವೂ ಅವಳು ಕಾರು ನಿಲ್ಲಿಸುವಷ್ಟರಲ್ಲಿ ಪೇಂಟರನ ತಮ್ಮ ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, "ಬನ್ನಿ ಸಿಸ್ಟರ್, ಬನ್ನಿ" ಎನ್ನುತ್ತ ಹೊಸ್ತಿಲಲ್ಲಿ ನಿಂತಿರುತ್ತಿದ್ದ. ಇವತ್ತು ಯಾರೂ ಇರಲಿಲ್ಲ. ಅವಳು ಒಂದು ಕೈಯನ್ನು ಕಾರಿನ ಬಾಗಿಲಿಗೂ ಇನ್ನೊಂದನ್ನು ಮೊಣಕಾಲಿಗೂ ಊರಿ, ಉಸ್ಸಪ್ಪಾ ಎಂದು ಎದ್ದು ಹೊರಬಂದಳು. ಆ ಕಾರಿನ ಸೀಟು ಅಷ್ಟು ತಗ್ಗು.

ಕಾರು ಚಿಕ್ಕದು, ಕೆಂಪು, ಓಟಕ್ಕೆಂದೇ ಮಾಡಿದ್ದು. ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವವಳಿಗೆ ಬೇಕಾದ ಗುಣ ಅದರಲ್ಲಿ ಒಂದೂ ಇರಲಿಲ್ಲ. ಹಿಂದಿನ ಸೀಟಿಗೆ ಬೇರೆ ಬಾಗಿಲಿಲ್ಲ. ಡಿಕ್ಕಿಯಲ್ಲಿ ಹತ್ತಿಯ ಪೆಟ್ಟಿಗೆ ಇಟ್ಟರೆ ಮುಗಿಯಿತು, ಮಿಕ್ಕಿದ್ದೆಲ್ಲ ಪಕ್ಕದ ಸೀಟಿಗೆ. ರಸ್ತೆಯುಬ್ಬು ಬಂದರೆ ಬೆನ್ನುಮೂಳೆಗಳನ್ನು ಒಂದೊಂದಾಗಿ ಎಣಿಸಬಹುದು. "ನಲವತ್ತೈದು ದಾಟಿದವಳಿಗೆ ಇದೇನೇ ಹುಚ್ಚು?" ಎಂದು ಅಕ್ಕ ಮೂಗು ಮುರಿದಿದ್ದಳು. ಹುಚ್ಚೇ ಸರಿ. ದಿನಕ್ಕೆ ಎಂಟು ಮನೆ, ಎಂಟು ಗಾಯ. ಒಂದರಿಂದ ಇನ್ನೊಂದಕ್ಕೆ ಹೋಗುವ ಹತ್ತು ನಿಮಿಷವಾದರೂ ಖುಷಿಯಾಗಿರಲಿ ಎಂದು ಅವಳು ಅದನ್ನು ಕೊಂಡಿದ್ದಳು. ಹಿಂದಿನ ಮಾಲೀಕ ಹಾಕಿಸಿದ್ದ ದಪ್ಪ ಸೈಲೆನ್ಸರ್ ಮಾತ್ರ, ಅವಳು ಬರುವ ಸುದ್ದಿಯನ್ನು ಎರಡು ಬೀದಿ ಮೊದಲೇ ಮುಟ್ಟಿಸುತ್ತಿತ್ತು. ಮೇಲ್ವಿಚಾರಕಿ ಮೂರು ಸಲ ಬಾಯಲ್ಲಿ ಹೇಳಿ, ನಾಲ್ಕನೆಯ ಸಲ ಕಾಗದದಲ್ಲೇ ಬರೆದುಕೊಟ್ಟ ಮೇಲೆ, ನಿನ್ನೆ ಸಂಜೆ ಅದನ್ನು ಬಿಚ್ಚಿಸಿ ಮಾಮೂಲಿನದನ್ನು ಹಾಕಿಸಿದ್ದಳು. ಈಗ ಗಾಡಿ ಬೆಕ್ಕಿನ ಹಾಗೆ ಬರುತ್ತಿತ್ತು.

ಪೇಂಟರ್ ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದವನು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಮಲಗಿ ಮಲಗಿ ಬೆನ್ನಿನ ತಳದಲ್ಲಾದ ಹುಣ್ಣು ಐದು ತಿಂಗಳಿಂದ ಮಾಯುತ್ತಿರಲಿಲ್ಲ. ಈ ತಿಂಗಳೂ ಹೀಗೇ ಇದ್ದರೆ ಮೂಳೆಗೆ ಇಳಿಯುತ್ತದೆ, ಆಮೇಲೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ನೀವು ಸರಿಯಾಗಿ ತೊಳೀತಿದ್ದೀರಿ ತಾನೆ?" ಎಂದೂ ಕೇಳಿದ್ದರು. ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಪಳಗಿದ ತನ್ನ ಕೈಯ ಮೇಲೆ ತನಗೇ ಅನುಮಾನ ಬಂದಿತ್ತು. ತಮ್ಮನ ಮೇಲೆ ಮಾತ್ರ ಬಂದಿರಲಿಲ್ಲ. ಅವಳು ಹೋದಾಗಲೆಲ್ಲ ಪೇಂಟರ್ ಮಗ್ಗುಲಾಗಿ ದಿಂಬಿಗೆ ಒರಗಿರುತ್ತಿದ್ದ, ಹಾಸಿಗೆ ಒಣಗಿರುತ್ತಿತ್ತು. ಬೆನ್ನು ತೇವವಿದ್ದರೆ "ಈಗ ತಾನೆ ಒರೆಸಿದೆ ಸಿಸ್ಟರ್" ಎನ್ನುತ್ತಿದ್ದ ತಮ್ಮ. ಇಂಥ ತಮ್ಮ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಅವಳೇ ಬೇರೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದಳು.

ಬಾಗಿಲು ತಳ್ಳಿದಳು. ಮುಂದಿನ ಕೋಣೆಯಲ್ಲಿ ತಮ್ಮ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಬಿಚ್ಚಿದ ಮೊಬೈಲಿನೊಳಗೆ ತಲೆ ತೂರಿಸಿ ಕೂತಿದ್ದ. ಅವಳು ದಾಟಿ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಒಳಗೆ ಪೇಂಟರ್ ಅಂಗಾತ ಮಲಗಿದ್ದ, ಸರಿಯಾಗಿ ಹುಣ್ಣಿನ ಮೇಲೆ. ಕೆಳಗಿನ ಬಟ್ಟೆ ಒದ್ದೆಯಾಗಿ, ಅಂಚು ಒಣಗಿ ಹಳದಿಗಟ್ಟಿತ್ತು. ದಿಂಬುಗಳೆಲ್ಲ ಮೂಲೆಯ ಕುರ್ಚಿಯ ಮೇಲಿದ್ದವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಗುರುತು ಹಾಕಬೇಕಾದ ಹಾಳೆ ಗೋಡೆಯ ಮೇಲಿತ್ತು. ಎಡ, ಬಲ, ಎಡ, ಬಲ ಎಂದು ಇವತ್ತಿನ ರಾತ್ರಿ ಎಂಟರವರೆಗೂ ಆಗಲೇ ಗುರುತು ಬಿದ್ದಿತ್ತು. ಗಡಿಯಾರದಲ್ಲಿ ಇನ್ನೂ ಬೆಳಗಿನ ಹತ್ತು.

"ರಾತ್ರಿಯಿಂದ ಹೀಗೇ ಇದ್ದೀರಾ?"

"ಇಲ್ಲ ಸಿಸ್ಟರ್, ಈಗ ತಾನೆ..." ಎಂದು ಪೇಂಟರ್ ಸೂರಿನ ಕಡೆ ನೋಡಿದ.

ಅಷ್ಟರಲ್ಲಿ ತಮ್ಮ ಓಡಿ ಬಂದ. ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು. "ಅಯ್ಯೋ ಸಿಸ್ಟರ್, ಇವತ್ತು ಗಾಡಿ ಸದ್ದೇ ಕೇಳಿಸ್ಲಿಲ್ಲ."

"ನಿನ್ನೆ ಸೈಲೆನ್ಸರ್ ಬದಲಾಯಿಸ್ದೆ. ಕೇಳಿಸಿದ್ರೆ ಏನ್ಮಾಡ್ತಿದ್ದೆ?"

ಅವನು ತಲೆ ತಗ್ಗಿಸಿದ. "ಒಬ್ಬನೇ ಸಿಸ್ಟರ್. ಹಗಲೆಲ್ಲ ರಿಪೇರಿ, ರಾತ್ರಿಯೆಲ್ಲ ಇವನು. ನನಗೂ ನಿದ್ದೆ ಬೇಕಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ ಬೈಯಲೂ ಆಗಲಿಲ್ಲ. "ಹಿಡಿ ಆ ಕಡೆ" ಎಂದಳು ಅಷ್ಟೇ. ಇಬ್ಬರೂ ಸೇರಿ ಪೇಂಟರನನ್ನು ಮಗ್ಗುಲಾಗಿಸಿದರು. ಹುಣ್ಣು ಕಳೆದ ವಾರದ ಅಳತೆಗಿಂತ ಒಂದು ಬೆರಳು ಹೆಚ್ಚು ಆಳವಾಗಿತ್ತು. ತಮ್ಮನನ್ನು ಬಿಸಿನೀರಿಗೆ ಕಳಿಸಿ ಅವಳು ಬ್ಯಾಗಿನಿಂದ ವರದಿ ಪುಸ್ತಕ ತೆಗೆದಳು.

"ಬರೀಬೇಡಿ" ಎಂದ ಪೇಂಟರ್. "ಬರೆದ್ರೆ ನನ್ನನ್ನ ಯಾವುದೋ ವಾರ್ಡಿಗೆ ಎತ್ತಾಕ್ತಾರೆ."

"ಬರೆದೇ ಬರೀತೀನಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನಿಮ್ಮದು ಬೆನ್ನಿನ ಹುಣ್ಣು, ನಾನೇ ನೋಡಬೇಕಿತ್ತು. ಕಣ್ಣಿದ್ದೂ ಕುರುಡಿ ಆಗಿದ್ದೆ. ಅದ್ಸರಿ, ನಿಮಗಾದ್ರೂ ಬಾಯಿ ಇರ್ಲಿಲ್ವಾ ಐದು ತಿಂಗಳು?"

ಪೇಂಟರ್ ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ತಾರೀಖು ಹಾಕಿ, ಗಾಯದ ಅಳತೆ ಬರೆದು, ಹಾಸಿಗೆಯ ಸ್ಥಿತಿ ಎಂಬಲ್ಲಿಗೆ ಬಂದಿದ್ದಳು. ಅಡುಗೆಮನೆಯಲ್ಲಿ ಪಾತ್ರೆಗೆ ನೀರು ಬೀಳುತ್ತಿತ್ತು.

"ಹಳೇ ಸೈಲೆನ್ಸರ್ ಎಸೆದುಬಿಟ್ರಾ ಸಿಸ್ಟರ್?" ಎಂದು ಪೇಂಟರ್ ಕೇಳಿದ.

"ಇಲ್ಲ, ಹಿಂದಿನ ಸೀಟಲ್ಲಿದೆ. ಯಾಕೆ?"

"ಬೇಕಾದ್ದು ಬರ್ಕೊಳ್ಳಿ. ಅದನ್ನ ಮಾತ್ರ ವಾಪಸ್ ಹಾಕ್ಸಿಬಿಡಿ" ಎಂದ ಪೇಂಟರ್, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಆ ಸದ್ದಿಗೆ ದಿನಕ್ಕೊಂದ್ ಸಲ ಆದ್ರೂ ತಮ್ಮ ನನ್ನ ಹತ್ರ ಓಡಿ ಬರ್ತಿದ್ದ."