ಸದ್ದಾಗದ ಎಲೆ

ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಅವನು ಹೆಂಡತಿಯ ಮುಖ ನೋಡಿದ. ಎಷ್ಟೋ ವರ್ಷಗಳ ಕತ್ತಲೆ ಕಳೆದಿತ್ತು.

"ಯಾಕೇ ಅಳ್ತೀಯ? ಖುಷಿ ಆಗ್ಲಿಲ್ವಾ?"

"ಆಯ್ತುರೀ... ಈಗಲಾದ್ರೂ ನಮ್ಮಮ್ಮನ ಮೇಲಿನ ಸಿಟ್ಟು ಬಿಟ್ಬಿಡಿ. ಅವಳಿಗೆ ನನ್ನ ಬಿಟ್ರೆ ಯಾರಿದಾರೆ?"

"ಕಣ್ಣು ಬಂತು ಅಂತ ಮಾತು ಬದಲಾಗತ್ತಾ? ಆಯಮ್ಮ ನನ್ನ ಹೊಸಿಲು ತುಳಿಯಕೂಡದು ಅಂದ್ರೆ ತುಳಿಯಕೂಡದು."

ಆಟೋ ಹತ್ತುವಾಗ ಅವಳು ಮೆಲ್ಲಗೆ ಕೇಳಿದಳು, "ಇವತ್ತೊಂದಿನ ನಿಮ್ಮಕ್ಕನ ಮನೇಲಿ ಇರೋಣ್ವಾ?"

"ಇಲ್ಲ ಕಣೇ, ಮೊದಲು ನಮ್ಮನೆ ನೋಡ್ಬೇಕು."

ಬೀಗ ತೆಗೆಯಲು ಅವಳು ತಡಮಾಡಿದಳು. ನಗುತ್ತಲೇ ಬೀಗದ ಕೈ ಕಸಿದುಕೊಂಡು ಅವನೇ ಬಾಗಿಲು ತೆರೆದ.

ತಟ್ಟೆಯಾದರೆ ಸದ್ದಾದೀತೆಂದು ನಡುಮನೆಯಲ್ಲಿ ಬಾಳೆಲೆ ಹಾಕಿಕೊಂಡು ಉಣ್ಣುತ್ತಿದ್ದ ಅತ್ತೆ, ಅಳಿಯನನ್ನು ಕಂಡು, ಎಂದಿನಂತೆ ಉಸಿರು ಬಿಗಿಹಿಡಿದು ಅಲ್ಲೇ ಅಲುಗಾಡದೆ ಕುಳಿತಳು.