ಹಿಂಡಿಯ ಮೊದಲ ತುತ್ತು

ಕೋಳಿಗಳಿಗೆ ಮಾತು ಬಂದಮೇಲೆ, ಹೊಸ ಮೇವಿನ ಮೊದಲ ತುತ್ತನ್ನು ತಂದವನೇ ತಿಂದು ತೋರಿಸಬೇಕೆಂಬ ಪದ್ಧತಿ ಫಾರಂಗಳಲ್ಲಿ ಬೇರೂರಿತ್ತು. ಮೇವು ಕಳಿಸುವ ಕಂಪನಿಯ ಸೂಪರ್‌ವೈಸರ್ ಪರಮೇಶಿ ಮಾತ್ರ ಕೋಳಿ ಷೆಡ್ಡಿನೊಳಗೆ ಹತ್ತಿಬೀಜದ ಹಿಂಡಿಯ ಚೀಲ ಬಿಚ್ಚಿ ಕೈಕಟ್ಟಿ ನಿಂತ.

"ಹತ್ತಿಬೀಜದಲ್ಲಿರೋ ವಿಷ ತೆಗೆದಿಲ್ಲ, ಅರಗಿಸೋ ಎಂಜೈಮ್ ಪುಡಿನೂ ಬೆರೆಸಿಲ್ಲ ಗೌರಕ್ಕ. ಹೋದ ಸಲ ಇದನ್ನೇ ತಿಂದು ನಮ್ಮೋರು ನೂರು ಜನ ಸತ್ರು," ಎಂದಿತು ಮುಂದಿದ್ದ ಹುಂಜ.

ಆ ನೂರನ್ನೂ ಹೂತವಳು ಫಾರಂ ಒಡತಿ ಪುಟ್ಟಗೌರಮ್ಮನೇ. "ತಿನ್ನು ಪರಮೇಶಿ," ಎಂದಳು.

"ಇವತ್ತು ಶನಿವಾರ, ಉಪವಾಸ ಕಣಕ್ಕ."

"ಈಗ ತಾನೆ ಜಾಲರಿ ಆಚೆ ನಿಂತು ಬೋಂಡ ತಿಂತಿದ್ದ," ಎಂದಿತು ಒಂದು ಹೇಂಟೆ.

ಪುಟ್ಟಗೌರಮ್ಮ ಹೊರಗೆ ಹೋಗಿ ಷೆಡ್ಡಿನ ಚಿಲಕ ಹಾಕಿದಳು. "ಎರಡು ಸಾವಿರ ಜನ ನಿನ್ನನ್ನೇ ಕಾಯ್ತಾವ್ರೆ. ಹಸಿವಾದಾಗ ಶುರು ಮಾಡು."